ತಲೆಭಾರದ ಗಿಡಗಳಿಗೆ ಆಸರೆ ಕೊಡೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆಷಾಢದ ಗಾಳಿ ಶುರುವಾದ ಮಾರನೇ ದಿನ ಬೆಳಗ್ಗೆ ನನ್ನ ಫೋನಿಗೆ ಬರೋ ಫೋಟೋಗಳೆಲ್ಲ ಹೆಚ್ಚುಕಮ್ಮಿ ಒಂದೇ. ಮಕಾಡೆ ಮಲಗಿರೋ ಟೊಮೇಟೊ, ಕತ್ತು ಮುರ್ಕೊಂಡಿರೋ ಡೇರೆ, ಪಾಟ್ ಸಮೇತ ಉರುಳಿರೋ ಬ್ರಹ್ಮಕಮಲ, ಕೆಳಗಡೆ "ಅಕ್ಕಾ ಈಗೇನ್ ಮಾಡ್ಲಿ" ಅಂತ ಒಂದು ಮೆಸೇಜು. ಪ್ರತಿ ವರ್ಷ ಅದೇ ಉತ್ತರ ಟೈಪ್ ಮಾಡಿ ಮಾಡಿ ಸಾಕಾಗಿ ಎಲ್ಲಾ ಒಂದೇ ಕಡೆ ಬರೆದಿಡ್ತಾ ಇದೀನಿ. ನಂದು ಬೆಂಗಳೂರಲ್ಲಿ ಮೂವತ್ತು ನಲವತ್ತು ಸೈಟಿನ ಮನೆ ಮೇಲಿನ ಟೆರೇಸ್ ತೋಟ, ಅಮ್ಮನ ಮನೆ ಸಾಗರದ ಕಡೆ, ಅಲ್ಲಿ ನೆಲದ ತೋಟ. ಎರಡೂ ಕಡೆ ಗಿಡ ಬೀಳೋ ರೀತಿ ಬೇರೆ ಬೇರೆ, ಹಾಗಾಗಿ ಉತ್ತರನೂ ಬೇರೆ ಬೇರೆ.

ಗಿಡ ಬಾಗಿದ್ರೆ ಒಂದು ಕೋಲು ಊರಿ ಕಟ್ಟಿದ್ರೆ ಆಯ್ತಲ್ವಾ, ಅದರಲ್ಲೇನಿದೆ ಅಷ್ಟೊಂದು?

ಕೋಲು ಊರೋಕೆ ಮುಂಚೆ ಒಂದು ನಿಮಿಷ ಬಗ್ಗಿ ನೋಡಿ, ಗಿಡ ಎಲ್ಲಿಂದ ಬಾಗಿದೆ ಅಂತ. ಬುಡದಿಂದಲೇ ವಾಲಿದ್ರೆ ಅದು ಬೇರಿನ ಸಮಸ್ಯೆ. ಮಣ್ಣು ಸಡಿಲ ಇರಬಹುದು, ಪಾಟ್ ಚಿಕ್ಕದಾಗಿರಬಹುದು, ನೀರು ನಿಂತು ಬೇರು ಕೊಳೆತಿರಬಹುದು. ಬೇರು ಕೊಳೆತ ಗಿಡಕ್ಕೆ ಎಷ್ಟು ಚಂದದ ಕೋಲು ಕಟ್ಟಿದ್ರೂ ಅದು ಕೋಲಿಗೆ ಒರಗಿಕೊಂಡೇ ಸಾಯತ್ತೆ. ಮಧ್ಯದಲ್ಲಿ ಬಿಲ್ಲಿನ ಥರ ಬಾಗಿದ್ರೆ ಕಾಂಡ ಬಡಕಲು ಅಂತ ಅರ್ಥ, ಬಿಸಿಲು ಸಾಲದೆ ಬೆಳಕು ಹುಡುಕ್ಕೊಂಡು ಉದ್ದ ಆಗಿರತ್ತೆ, ಇಲ್ಲಾ ಯೂರಿಯಾನೋ ಕೋಳಿ ಗೊಬ್ಬರನೋ ಜಾಸ್ತಿ ಬಿದ್ದು ಮೆತ್ತಗೆ ಕೊಬ್ಬಿರತ್ತೆ. ಇನ್ನು ಕಾಂಡ ನೆಟ್ಟಗೇ ಇದ್ದು ತುದಿ ಮಾತ್ರ ನೇತಾಡ್ತಾ ಇದ್ರೆ ಅದು ನಿಜವಾದ ತಲೆಭಾರ, ಹೂವೋ ಕಾಯೋ ಗೊನೆನೋ ಗಿಡದ ಶಕ್ತಿಗೆ ಮೀರಿ ತೂಗ್ತಾ ಇದೆ. ಕೋಲು ಬೇಕಿರೋದು ಮುಖ್ಯವಾಗಿ ಈ ಮೂರನೇದಕ್ಕೆ. ಎರಡನೇದಕ್ಕೆ ಜಾಗ ಬದಲಾಯಿಸಿ ತುದಿ ಚಿವುಟಿ, ಮೊದಲನೇದಕ್ಕೆ ಮಣ್ಣು ನೋಡಿ.

ಕೋಲು ಯಾವಾಗ ಊರಬೇಕು?

ಸಸಿ ನೆಟ್ಟ ದಿನವೇ. ಒಂದು ಗೇಣಿನ ಟೊಮೇಟೊ ಸಸಿ ಪಕ್ಕ ಐದಡಿ ಗಳ ನಿಂತಿರೋದು ನೋಡಿ ಪಕ್ಕದ ಮನೆ ಅಂಕಲ್ಲು "ಇದೇನ್ ಮೇಡಂ ಧ್ವಜ ಹಾರಿಸ್ತೀರಾ" ಅಂತ ಕೇಳಿದ್ರು, ಕೇಳ್ಲಿ ಬಿಡಿ. ಗಿಡ ದೊಡ್ಡದಾದ ಮೇಲೆ ಊರೋಕೆ ಹೋದ್ರೆ ಕೋಲು ನೇರವಾಗಿ ಬೇರಿನ ಮಧ್ಯೆ ಇಳಿಯತ್ತೆ, ಬಾಗಿದ ಕೊಂಬೆನ ಎಳೆದು ನೆಟ್ಟಗೆ ಮಾಡೋ ಭರದಲ್ಲಿ ಟಕ್ ಅಂತ ಮುರಿಯೋದು ಕೂಡ ಆವಾಗಲೇ. ಕಾಂಡದಿಂದ ಎರಡು ಮೂರು ಇಂಚು ದೂರ ಇರಲಿ, ಗಾಳಿ ಯಾವ ಕಡೆಯಿಂದ ಬೀಸತ್ತೋ ಆ ಕಡೆಗೆ ಇರಲಿ, ಆವಾಗ ಗಿಡ ಗಾಳಿಗೆ ಕೋಲಿಗೆ ಬಡ್ಕೊಳೋದಿಲ್ಲ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೂ ಗಾಳಿ ಪಶ್ಚಿಮ ನೈಋತ್ಯದ ಕಡೆಯಿಂದಾನೇ ಜಾಸ್ತಿ.

ಆಳ ಎಷ್ಟು ಅಂದ್ರೆ ಕೋಲಿನ ಉದ್ದದಲ್ಲಿ ನಾಲ್ಕನೇ ಒಂದು ಭಾಗನಾದ್ರೂ ನೆಲದ ಒಳಗೆ. ಮೇಲೆ ನಾಲ್ಕೂವರೆ ಅಡಿ ಬೇಕು ಅಂದ್ರೆ ಆರಡಿ ಕೋಲು ತಗೊಂಡು ಒಂದೂವರೆ ಅಡಿ ಕೆಳಗಿಳಿಸಿ. ನೆಲದಲ್ಲಿ ಇದು ಸುಲಭ. ಪಾಟಲ್ಲಿ ಆಗೋದೇ ಇಲ್ಲ, ಅದಕ್ಕೆ ಬರ್ತೀನಿ.

ಯಾವ ಕೋಲು ಒಳ್ಳೇದು? ಆನ್‌ಲೈನ್‌ನಲ್ಲಿ ಪ್ಲಾಸ್ಟಿಕ್ ಕೋಟಿಂಗ್ ಇರೋದು ನೋಡ್ದೆ.

ಅದೂ ನಡೆಯತ್ತೆ, ಆದ್ರೆ ಸಣ್ಣ ಹೂವಿನ ಗಿಡಕ್ಕೆ ಮಾತ್ರ, ಅವುಗಳಲ್ಲಿ ಸುಮಾರು ಒಳಗೆ ತೆಳ್ಳನೆ ಕೊಳವೆ, ನಾಲ್ಕು ಕೆಜಿ ಟೊಮೇಟೊ ಬಿದ್ರೆ ಕೋಲೇ ಗಿಡಕ್ಕೆ ಒರಗತ್ತೆ. ಊರಲ್ಲಿ ನಾವು ಅಡಿಕೆ ದಬ್ಬೆ ಬಳಸ್ತೀವಿ, ಹಳೇ ಅಡಿಕೆ ಮರ ಸೀಳಿದ್ದು, ಬಿದ್ದ ಮರ ತೋಟದಲ್ಲಿ ಯಾವಾಗಲೂ ಇರತ್ತೆ. ಬಯಲುಸೀಮೆ ಕಡೆ ಸರ್ವೆ ಗಳ, ನೀಲಗಿರಿ ಗಳ. ಬೆಂಗಳೂರಲ್ಲಿ ಬಿದಿರು ಗಳ ಬೇಕಂದ್ರೆ ಚಪ್ಪರ, ಪೆಂಡಾಲ್ ಸಾಮಾನು ಮಾರೋ ಕಡೆ ವಿಚಾರಿಸಿ, ನರ್ಸರಿಗಿಂತ ಅಗ್ಗಕ್ಕೆ ಬರತ್ತೆ. ಮನೇಲಿರೋ ಹಳೇ ಕರ್ಟನ್ ರಾಡು, ವೈರಿಂಗ್‌ಗೆ ಬಳಸೋ ಕಾಂಡ್ಯೂಟ್ ಪೈಪು, ಮುರಿದ ಮಾಪ್ ಕೋಲು, ನಾನು ಎಲ್ಲಾ ಬಳಸಿದೀನಿ. ನುಣ್ಣಗಿರೋ ಪೈಪಲ್ಲಿ ಒಂದೇ ತೊಂದರೆ, ಕಟ್ಟಿದ ದಾರ ಜಾರಿ ಜಾರಿ ಕೆಳಗೆ ಬರತ್ತೆ, ಅಡಿಗೊಂದು ಕಡೆ ಇನ್ಸುಲೇಶನ್ ಟೇಪ್ ನಾಲ್ಕು ಸುತ್ತು ಸುತ್ತಿ ಗಂಟಿನ ಥರ ಮಾಡ್ಕೊಳ್ಳಿ.

ಹಸಿ ಗ್ಲಿರಿಸಿಡಿಯಾ, ಅಂದ್ರೆ ಗೊಬ್ಬರದ ಗಿಡ ಅಂತಾರಲ್ಲ, ಅದರ ಕೋಲು, ನುಗ್ಗೆ ಕೋಲು, ಹಾಲವಾಣದ ಕೋಲು ಇವನ್ನ ಊರಬೇಡಿ, ಮಳೇಲಿ ಚಿಗುರಿ ಅದೇ ಒಂದು ಗಿಡ ಆಗಿಬಿಡತ್ತೆ. ಕಾಳುಮೆಣಸಿನ ಬಳ್ಳಿ ಹಬ್ಬಿಸೋರಿಗೆ ಅದೇ ಬೇಕು, ನಮ್ಮ ಬದನೆಗೆ ಬೇಡ.

ಬಿದಿರಿಗೆ ಗೆದ್ದಲು ಹಿಡಿಯೋದು ತಪ್ಪಿಸೋಕೆ ಮಣ್ಣಿನ ಒಳಗೆ ಹೋಗೋ ಭಾಗನ ಬಚ್ಚಲೊಲೆ ಬೆಂಕೀಲೋ ಗ್ಯಾಸ್ ಮೇಲೋ ಹೊರಗಡೆ ಕಪ್ಪಾಗೋವರೆಗೂ ಸುಟ್ಟುಕೊಳ್ಳಿ. ಕೆಲವರು ಗ್ಯಾರೇಜಿನ ಹಳೇ ಇಂಜಿನ್ ಆಯಿಲ್ ಸವರ್ತಾರೆ, ತಿನ್ನೋ ತರಕಾರಿ ಬುಡಕ್ಕೆ ಅದು ಬೇಡವೇ ಬೇಡ.

ಟೆರೇಸ್ ಮೇಲೆ ಗ್ರೋಬ್ಯಾಗಲ್ಲಿ ಕೋಲು ನಿಲ್ಲೋದೇ ಇಲ್ಲ, ಗಿಡದ ಜೊತೆ ಕೋಲೂ ಬೀಳತ್ತೆ. ಏನ್ ಮಾಡೋದು?

ಇದೇ ಅಸಲಿ ಪ್ರಶ್ನೆ, ಮೊದಲ ಎರಡು ವರ್ಷ ನಂಗೂ ಇದು ಹೊಳೆದಿರಲಿಲ್ಲ. ಗ್ರೋಬ್ಯಾಗಿನ ಮಣ್ಣು ಒಂದಡಿ ಇರತ್ತೆ, ಅದರಲ್ಲಿ ಅರ್ಧ ಕೋಕೋಪೀಟು, ಅಂದ್ರೆ ತೆಂಗಿನ ನಾರಿನ ಪುಡಿ, ಒಣಗಿದ್ರೆ ಹತ್ತಿ ಥರ ಹಗುರ. ಅದರಲ್ಲಿ ಐದಡಿ ಕೋಲು ನಿಲ್ಲಿಸಿದ್ರೆ ಅದು ಗಿಡಕ್ಕೆ ಆಸರೆ ಅಲ್ಲ, ಗಾಳಿಗೆ ಇನ್ನೊಂದು ಹಿಡಿಕೆ ಕೊಟ್ಟಂಗೆ. ಅಂದ್ರೆ ಇಲ್ಲಿ ಕೋಲಿಗೇ ಒಂದು ಆಸರೆ ಬೇಕು, ಅದು ಬ್ಯಾಗಿನ ಒಳಗೆ ಸಿಗೋದಿಲ್ಲ, ಹೊರಗೆ ಹುಡುಕಬೇಕು.

ಸುಲಭದ ದಾರಿ ಒಂದು, ಗಿಡಗಳನ್ನ ಪ್ಯಾರಪೆಟ್ ಗೋಡೆ ಪಕ್ಕಕ್ಕೆ ಸರಿಸಿ, ಕೋಲಿನ ಮೇಲ್ಭಾಗನ ಗೋಡೆಗೆ ಹೊಡೆದಿರೋ ಹುಕ್ಕಿಗೋ ಬಟ್ಟೆ ಒಣಹಾಕೋ ಕಂಬಿಗೋ ದಾರದಿಂದ ಕಟ್ಟಿ. ಹುಕ್ ಹೊಡೆಯೋದು ಗೋಡೆಯ ಪಕ್ಕಕ್ಕೆ, ಟೆರೇಸ್ ನೆಲಕ್ಕೆ ಡ್ರಿಲ್ ಇಡಬೇಡಿ, ವಾಟರ್‌ಪ್ರೂಫಿಂಗ್ ಹೋದ್ರೆ ಕೆಳಗಿನ ರೂಮಿನ ಸೀಲಿಂಗ್ ನೆನೆಯತ್ತೆ, ಆಮೇಲೆ ಮನೇಲಿ ತೋಟದ ಹೆಸರೇ ಎತ್ತಂಗಿಲ್ಲ.

ಗೋಡೆ ಹತ್ತಿರ ಬಿಸಿಲು ಬರಲ್ಲ ಅಂದ್ರೆ ಒಂದೇ ಕೋಲಿನ ಬದಲು ಮೂರು ಕೋಲನ್ನ ಬ್ಯಾಗಿನ ಅಂಚಿಗೆ ಊರಿ ಮೇಲೆ ತುದಿ ಸೇರಿಸಿ ಕಟ್ಟಿ, ಗುಡಾರದ ಥರ. ಮೂರು ಕಾಲಿದ್ದಾಗ ಒಂದಕ್ಕೊಂದು ಹಿಡ್ಕೊಳತ್ತೆ. ಇದು ನಾಲ್ಕಡಿವರೆಗೂ ಚೆನ್ನಾಗಿ ನಿಲ್ಲತ್ತೆ.

ನನ್ನ ಹತ್ತಿರ ಈಗ ಇರೋದು ಬೇರೆ ಏರ್ಪಾಡು. ಇಪ್ಪತ್ತು ಲೀಟರಿನ ಹಳೇ ಪೇಂಟ್ ಬಕೆಟ್ ಎರಡು, ಒಂದೊಂದರಲ್ಲೂ ಏಳಡಿ ಜಿಐ ಪೈಪ್ ನಿಲ್ಲಿಸಿ ಸುತ್ತ ಕಾಂಕ್ರೀಟ್ ತುಂಬಿಸಿದ್ದೀನಿ, ಮನೆ ಕೆಲಸಕ್ಕೆ ಬಂದಿದ್ದ ಮೇಸ್ತ್ರಿ ಉಳಿದ ಜಲ್ಲಿ ಸಿಮೆಂಟಲ್ಲೇ ಮಾಡ್ಕೊಟ್ರು. ಎರಡು ಬಕೆಟ್ಟು ಎಂಟಡಿ ದೂರ, ಮೇಲೆ ತುದಿಯಿಂದ ತುದಿಗೆ ಇನ್ನೊಂದು ಪೈಪು, ಆ ಪೈಪಿಂದ ಪ್ರತಿ ಗಿಡಕ್ಕೂ ಒಂದೊಂದು ದಾರ ಕೆಳಗೆ ಇಳಿಬಿಟ್ಟಿರೋದು. ಗಿಡ ಬೆಳೆದಂಗೆ ಕಾಂಡನ ದಾರಕ್ಕೆ ಸುತ್ತಿಸ್ತಾ ಹೋಗೋದು ಅಷ್ಟೇ. ಪಾಲಿಹೌಸಲ್ಲಿ ಕ್ಯಾಪ್ಸಿಕಂ ಬೆಳೆಯೋರು ಮಾಡೋದೂ ಇದೇ. ತೂಕವೆಲ್ಲ ಮೇಲಿನ ಪೈಪಿಗೆ ಹೋಗತ್ತೆ, ಬ್ಯಾಗಿಗಲ್ಲ. ಗಾಳಿ ತುಂಬ ಜೋರಿರೋ ಜಾಗ ಆದ್ರೆ ಒಂದು ಕಂಬನಾದ್ರೂ ಪ್ಯಾರಪೆಟ್‌ಗೆ ಬಿಗಿದು ಕಟ್ಟಿ, ಮೂರನೇ ಮಹಡಿಯಿಂದ ಪೈಪ್ ಬಿದ್ರೆ ಟೊಮೇಟೊ ವಿಷಯ ಯಾರೂ ಕೇಳಲ್ಲ.

ನೀರಿನ ಟ್ಯಾಂಕಿನ ಪೈಪಿಗೆ ಕಟ್ಟಬೇಡಿ. ನಾನು ಕಟ್ಟಿದ್ದೆ. ಒಂದು ರಾತ್ರಿ ಗಾಳಿಗೆ ಹೀರೇಬಳ್ಳಿ ಜಗ್ಗಿ ಜಗ್ಗಿ ಜಾಯಿಂಟ್ ಬಿಟ್ಟು, ಬೆಳಗ್ಗೆ ಎದ್ದು ನೋಡಿದ್ರೆ ಟ್ಯಾಂಕ್ ಖಾಲಿ, ಅವತ್ತೇ ಮನೇಲಿ ನೆಂಟರು.

ಇನ್ನೊಂದು, ಗಾಳಿ ತಡೆಯೋಕೆ ಶೀಟ್ ಹಾಕೋಕ್ಕಿಂತ ಹಸಿರು ಶೇಡ್ ನೆಟ್ ಕಟ್ಟೋದು ವಾಸಿ. ಶೀಟ್ ಹಾಕಿದ್ರೆ ಗಾಳಿ ಅದನ್ನ ಹತ್ತಿ ಆ ಕಡೆ ಸುಳಿಯಾಗಿ ಬಂದು ಇನ್ನೂ ಜೋರಾಗಿ ಬಡಿಯತ್ತೆ, ನೆಟ್ಟಲ್ಲಿ ಸೋಸಿಕೊಂಡು ಮೆತ್ತಗಾಗಿ ಬರತ್ತೆ.

ಏನರಿಂದ ಕಟ್ಟಬೇಕು? ಹೇಗೆ ಕಟ್ಟಬೇಕು?

ಮೆತ್ತಗಿರೋದು, ಅಗಲ ಇರೋದು. ಹಳೇ ಬನಿಯನ್ ಕತ್ತರಿಸಿದ ಪಟ್ಟಿ ನನ್ನ ಪ್ರಕಾರ ನಂಬರ್ ಒನ್, ಸ್ವಲ್ಪ ಹಿಗ್ಗತ್ತೆ ಕೂಡ. ಕಾಟನ್ ಸೀರೆ ಅಂಚು, ಹಳೇ ಲಂಗದ ಲಾಡಿ, ಗೋಣಿ ದಾರ, ನೀರಲ್ಲಿ ನೆನೆಸಿದ ಬಾಳೆ ನಾರು ಎಲ್ಲಾ ಓಕೆ. ಬಾಳೆ ನಾರು ಎರಡು ಮೂರು ತಿಂಗಳಲ್ಲಿ ತಾನೇ ಕೊಳೆತು ಉದುರೋದ್ರಿಂದ ಬಿಚ್ಚೋ ಕೆಲಸನೂ ಇಲ್ಲ. ಬೇಡದ್ದು ಅಂದ್ರೆ ಬೈಂಡಿಂಗ್ ವೈರು, ನೈಲಾನ್ ದಾರ, ಮತ್ತೆ ಕೇಬಲ್ ಟೈ ಬಿಗಿಯಾಗಿ ಎಳೆದು ಹಾಕೋದು. ಕಾಂಡ ದಪ್ಪ ಆಗ್ತಾ ಹೋದಂಗೆ ಅವು ಉಂಗುರ ಬೆರಳಿಗೆ ಸಿಕ್ಕಿಹಾಕಿಕೊಂಡ ಹಾಗೆ ಒಳಗೆ ಕೊರೀತವೆ, ಒಂದು ದಿನ ಸರಿಯಾಗಿ ಅಲ್ಲೇ ಮುರಿಯತ್ತೆ.

ಕಟ್ಟೋ ರೀತಿ ಎಂಟರ ಆಕಾರ. ಕನ್ನಡದ ಎಂಟಲ್ಲ, 8, ನಡುವೆ ಅಡ್ಡ ಹಾಯೋದು. ಮೊದಲು ದಾರನ ಕೋಲಿಗೆ ಸುತ್ತಿ ಬಿಗಿ ಗಂಟು ಹಾಕಿ, ಆಮೇಲೆ ಎರಡೂ ತುದಿನ ಕೋಲು ಗಿಡದ ಮಧ್ಯೆ ಒಂದರ ಮೇಲೊಂದು ದಾಟಿಸಿ ಕಾಂಡದ ಸುತ್ತ ಸಡಿಲಕ್ಕೆ ಕಟ್ಟಿ, ಕಿರುಬೆರಳು ಆರಾಮಾಗಿ ಒಳಗೆ ಹೋಗೋವಷ್ಟು. ಕೋಲಿಗೆ ಬಿಗಿ, ಗಿಡಕ್ಕೆ ಸಡಿಲ. ಸುಮಾರು ಜನ ಉಲ್ಟಾ ಮಾಡ್ತಾರೆ. ಎಲೆ ಅಥವಾ ಕೊಂಬೆ ಹೊರಟಿರೋ ಗೆಣ್ಣಿನ ಕೆಳಗೆ ಕಟ್ಟಿದ್ರೆ ಜಾರಲ್ಲ. ತೀರಾ ತುದಿಗೆ ಕಟ್ಟಬೇಡಿ, ಅಲ್ಲಿ ಎಳಸು ಇರತ್ತೆ.

ಟೊಮೇಟೊ ಪ್ರತಿ ಸಲ ಬೀಳತ್ತೆ. ಎಷ್ಟು ಕೋಲು ಕೊಟ್ರೂ ಸಾಲಲ್ಲ.

ಮೊದಲು ನಿಮ್ಮದು ಯಾವ ಜಾತಿ ನೋಡಿ. ಕೆಲವು ಗಿಡ್ಡ ಜಾತಿ, ಮೂರು ಮೂರೂವರೆ ಅಡಿಗೆ ಬೆಳವಣಿಗೆ ನಿಲ್ಲಿಸಿ ಒಟ್ಟಿಗೆ ಕಾಯಿ ಬಿಡ್ತವೆ, ಇವಕ್ಕೆ ಒಂದು ಗಟ್ಟಿ ಕೋಲೋ ಮೂರು ಕೋಲಿನ ಗುಡಾರನೋ ಸಾಕು. ಚೆರ್ರಿ ಟೊಮೇಟೊ ಥರದವು ಬಳ್ಳಿ ಇದ್ದ ಹಾಗೆ, ನೀವು ಬಿಟ್ಟಷ್ಟೂ ಮೇಲೆ ಹೋಗ್ತಾನೇ ಇರ್ತವೆ, ಅವಕ್ಕೆ ಮೇಲಿಂದ ಇಳಿಬಿಟ್ಟ ದಾರವೇ ಸರಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕ ರಕ್ಷಕ್ ಹೈಬ್ರಿಡ್ಡನ್ನ ಸುಮಾರು ಜನ ಮನೇಲಿ ಹಾಕ್ತಾರೆ, ಎಲೆ ಮುದುಡು ವೈರಸ್, ಸೊರಗು ರೋಗ, ಅಂಗಮಾರಿ ತಡ್ಕೊಳತ್ತೆ ಅಂತ. ರೋಗ ತಡ್ಕೊಳತ್ತೆ, ಕಾಯಿ ಭಾರ ತಡ್ಕೊಳಲ್ಲ, ಗೊಂಚಲು ಗೊಂಚಲಾಗಿ ಬಿಡತ್ತೆ, ಕೋಲು ಬೇಕೇ ಬೇಕು.

ಸಸಿ ನೆಡುವಾಗ ಕೆಳಗಿನ ಎಲೆ ಕಿತ್ತು ಕಾಂಡನ ಅರ್ಧದಷ್ಟು ಮಣ್ಣೊಳಗೆ ಹೂತುಬಿಡಿ. ಟೊಮೇಟೊ ಕಾಂಡದ ಮೈತುಂಬ ಬೇರು ಬಿಡೋ ಗುಣ ಇದೆ, ಹೂತಷ್ಟೂ ಹಿಡಿತ ಗಟ್ಟಿ. ಬದನೆ ಮೆಣಸಿನ ಸಸಿಗೆ ಈ ಟ್ರಿಕ್ ಮಾಡೋಕೆ ಹೋಗಬೇಡಿ, ಅವು ಅಷ್ಟು ಸುಲಭಕ್ಕೆ ಬೇರು ಬಿಡಲ್ಲ, ಬುಡ ಕೊಳೆಯೋ ಚಾನ್ಸೇ ಜಾಸ್ತಿ. ಆಮೇಲೆ ಎಲೆ ಕಂಕುಳಲ್ಲಿ ಹುಟ್ಟೋ ಚಿಗುರನ್ನ ವಾರಕ್ಕೊಮ್ಮೆ ಚಿವುಟ್ತಾ ಇದ್ರೆ ಗಿಡ ಒಂದೋ ಎರಡೋ ಕಾಂಡದಲ್ಲಿ ನಿಲ್ಲತ್ತೆ, ತಲೆ ಮೇಲೆ ಪೊದೆ ಕಟ್ಟಲ್ಲ. ಗಿಡ್ಡ ಜಾತಿಗೆ ಮಾತ್ರ ಹೀಗೆ ಚಿವುಟಬೇಡಿ, ಕಾಯೇ ಕಮ್ಮಿ ಆಗತ್ತೆ.

ಸಾಲಾಗಿ ಆರೇಳು ಬ್ಯಾಗ್ ಇದ್ರೆ ಕೋಲಾರದ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಹೊರಗೆ ನೋಡಿ, ಟೊಮೇಟೊ ಹೊಲದಲ್ಲಿ ಸಾಲುದ್ದಕ್ಕೂ ಗೂಟ, ಗೂಟದಿಂದ ಗೂಟಕ್ಕೆ ದಾರ, ಗಿಡ ಒಂದೊಂದು ಅಡಿ ಬೆಳೆದಂಗೆಲ್ಲ ಮೇಲೆ ಇನ್ನೊಂದು ದಾರ. ಟೆರೇಸಲ್ಲೂ ಅದನ್ನೇ ಮಾಡಬಹುದು. ಈ ತುದಿಗೊಂದು ಆ ತುದಿಗೊಂದು ಗಟ್ಟಿ ಕಂಬ, ದಾರನ ಮೊದಲ ಗಿಡದ ಎಡಕ್ಕೆ, ಎರಡನೇದರ ಬಲಕ್ಕೆ, ಹೀಗೆ ಜಡೆ ಹೆಣೆದ ಹಾಗೆ ಹಾಯಿಸಿ ವಾಪಸ್ ಬರುವಾಗ ಉಲ್ಟಾ ಬನ್ನಿ. ಗಿಡಗಳು ಎರಡು ದಾರದ ಮಧ್ಯೆ ಸಿಕ್ಕಿ ನಿಲ್ತವೆ, ಒಂದೊಂದಕ್ಕೂ ಕಟ್ಟೋ ಕಷ್ಟ ಇಲ್ಲ.

ಬದನೆ, ಮೆಣಸಿನಕಾಯಿ, ಕ್ಯಾಪ್ಸಿಕಂಗೂ ಆಸರೆ ಬೇಕಾ?

ಹಸಿಮೆಣಸಿಗೆ ನೆಲದಲ್ಲಾದ್ರೆ ಬೇಡ, ಪಾಟಲ್ಲಾದ್ರೆ ಒಂದು ಚಿಕ್ಕ ಕೋಲು. ಕ್ಯಾಪ್ಸಿಕಂ ಮತ್ತೆ ಬದನೆ, ಅದ್ರಲ್ಲೂ ಮಟ್ಟುಗುಳ್ಳದಂಥ ಗುಂಡು ಬದನೆ ಇದ್ರೆ ಬೇಕು. ಇವು ಕವಲೊಡೆಯೋ ಜಾಗದಲ್ಲೇ ಸೀಳೋದು, ಹಾಗಾಗಿ ಮುಖ್ಯ ಕಾಂಡಕ್ಕೆ ಕಟ್ಟಿದ್ರೆ ಪ್ರಯೋಜನ ಇಲ್ಲ, ಕವಲಿನ ಸುತ್ತ ಬಟ್ಟೆ ಪಟ್ಟಿ ತೊಟ್ಟಿಲಿನ ಥರ ಹಾಯಿಸಿ ಕೋಲಿಗೆ ಕಟ್ಟಿ. ಕಾಯಿ ಬಲಿಯೋಕೆ ಬಿಡದೆ ಎಳೇದಿರುವಾಗಲೇ ಕೊಯ್ದರೆ ಗಿಡಕ್ಕೂ ಹಗುರ, ಪಲ್ಯಕ್ಕೂ ರುಚಿ.

ಡೇರೆ ಹೂವಿನ ತೂಕಕ್ಕೆ ಗಿಡ ನೆಲ ಹಿಡಿಯತ್ತೆ. ಊರಲ್ಲಿ ಚೆನ್ನಾಗಿ ಬರತ್ತೆ, ಇಲ್ಲಿ ಯಾಕೆ ಹೀಗೆ?

ಡೇಲಿಯಾ ಅಂತ ನರ್ಸರೀಲಿ ಬೋರ್ಡ್ ಹಾಕಿರ್ತಾರಲ್ಲ, ಅದೇ ನಮ್ಮ ಕಡೆ ಡೇರೆ. ಮೂಲ ಮೆಕ್ಸಿಕೋದ್ದಾದ್ರೂ ಮಲೆನಾಡಿನ ಅಂಗಳದಲ್ಲಿ ಅದಕ್ಕೆ ಯಾವತ್ತೋ ಮನೆಮಗಳ ಸ್ಥಾನ ಸಿಕ್ಕಿದೆ. ಮಳೆಗಾಲದ ಮುಂಚೆ ಗಡ್ಡೆ ಹಂಚ್ಕೊಳೋದು ಅಂದ್ರೆ ನಮ್ಮಲ್ಲಿ ದೊಡ್ಡ ವ್ಯವಹಾರ, ಅಮ್ಮ ಚಿಕ್ಕಮ್ಮಂಗೆ ಕೆಂಪು ಕೊಟ್ರೆ ಚಿಕ್ಕಮ್ಮ ನೇರಳೆ ಬಿಳಿ ಮಿಕ್ಸ್ ಕೊಡಬೇಕು, ಕೊಡದೇ ಹೋದ್ರೆ ಮುಂದಿನ ಹಬ್ಬದವರೆಗೂ ಮಾತು ಸ್ವಲ್ಪ ಕಮ್ಮಿ.

ಡೇರೆ ಕಾಂಡ ಒಳಗೆ ಟೊಳ್ಳು, ಹೂವು ಊಟದ ತಟ್ಟೆ ಅಗಲ, ಎಸಳು ಒಂದರ ಮೇಲೊಂದು ಇರೋದ್ರಿಂದ ಮಳೆ ಬಂದ್ರೆ ನೀರು ಒಳಗೆ ನಿಲ್ಲತ್ತೆ, ಒಂದು ಹೂವು ಎರಡು ಹೂವಿನ ತೂಕ ಆಗತ್ತೆ. ಅದಕ್ಕೇ ಅಮ್ಮ ಮೊದಲು ಕೋಲು ಊರಿ ಆಮೇಲೆ ಅದರ ಬುಡದಲ್ಲಿ ಗಡ್ಡೆ ಇಡೋದು. ನಾವು ಪೇಟೆಯವರು ಗಡ್ಡೆ ಹೂತು, ಗಿಡ ಬಂದು, ಮೊಗ್ಗಾದ ಮೇಲೆ ಕೋಲು ಚುಚ್ಚೋಕೆ ಹೋಗಿ ಸೀದಾ ಗಡ್ಡೆಗೇ ಚುಚ್ತೀವಿ, ಆಮೇಲೆ ಕೊಳೀತು ಕೊಳೀತು ಅಂತೀವಿ. ಎರಡನೇದು, ಗಿಡ ಮೂರು ನಾಲ್ಕು ಜೊತೆ ಎಲೆ ಬಿಟ್ಟಾಗ ತುದಿ ಚಿವುಟಬೇಕು, ಆವಾಗ ಪಕ್ಕದಲ್ಲಿ ಕವಲೊಡೆದು ಗಿಡ್ಡ ದಪ್ಪ ಆಗತ್ತೆ. ಮನಸ್ಸು ಬರಲ್ಲ, ಗೊತ್ತು, ಆದ್ರೂ ಚಿವುಟಿ. ಮೂರನೇದು ಬಿಸಿಲು. ಅಂಗಳದಲ್ಲಿ ಆಕಾಶ ಕಾಣತ್ತೆ, ಎರಡು ಬಿಲ್ಡಿಂಗ್ ಮಧ್ಯದ ಬಾಲ್ಕನೀಲಿ ಕಾಣಲ್ಲ, ಗಿಡ ಉದ್ದ ಎಳ್ಕೊಂಡು ಹೋಗತ್ತೆ.

ಒಂದು ಕೋಲಿಗೆ ಎಲ್ಲಾ ಕವಲನ್ನೂ ಪೊರಕೆ ಕಟ್ಟಿದಂಗೆ ಕಟ್ಟಬೇಡಿ, ಗಾಳಿ ಆಡದೆ ಬೂದಿ ರೋಗ ಬರತ್ತೆ. ಸುತ್ತ ಮೂರು ದಬ್ಬೆ ಊರಿ ಒಂದಡಿ ಎತ್ತರದಲ್ಲಿ ಒಂದು ಸುತ್ತು, ಎರಡಡಿಯಲ್ಲಿ ಇನ್ನೊಂದು ಸುತ್ತು ದಾರ ಕಟ್ಟಿ, ಗಿಡ ಅದರೊಳಗೆ ಒರಗಿಕೊಳ್ಳಲಿ. ಮಳೆ ನಿಂತ ಮೇಲೆ ಹೂವಿನ ತೊಟ್ಟು ಹಿಡಿದು ಮೆಲ್ಲಗೆ ಅಲ್ಲಾಡಿಸಿ ನೀರು ಉದುರಿಸಿ, ಅಷ್ಟೇ.

ಸೇವಂತಿಗೆ, ಸುಗಂಧರಾಜ, ಗ್ಲಾಡಿಯೋಲಸ್‌ಗೆ?

ಸೇವಂತಿಗೆಗೆ ಹಂಚಿಕಡ್ಡಿ ಗಾತ್ರದ ಬಿದಿರು ಕಡ್ಡಿ ನಾಲ್ಕೈದು, ಸುತ್ತ ದಾರ. ಲಾಲ್‌ಬಾಗ್ ಫ್ಲವರ್ ಶೋನಲ್ಲಿ ಪಾಟ್ ಹತ್ತಿರದಿಂದ ನೋಡಿ, ಅಲ್ಲಿ ಹೂವೆಲ್ಲ ಅಷ್ಟು ನೆಟ್ಟಗೆ ನಿಂತಿರೋದರ ಹಿಂದೆ ಒಂದು ಕಡ್ಡಿ ಅಡಗಿರತ್ತೆ. ಗ್ಲಾಡಿಯೋಲಸ್, ಸುಗಂಧರಾಜಕ್ಕೆ ಗಡ್ಡೆ ಸ್ವಲ್ಪ ಆಳಕ್ಕೆ ಹಾಕಿ ಬುಡಕ್ಕೆ ಮಣ್ಣು ಏರಿಸಿದ್ರೆ ಅರ್ಧ ಕೆಲಸ ಮುಗೀತು.

ಬಾಳೆಗೊನೆ ಬಿಟ್ಟಿದೆ, ಗಿಡ ವಾಲ್ತಾ ಇದೆ. ಬಿದಿರು ಎಲ್ಲಿ ಕೊಡಬೇಕು?

ಗೊನೆ ಯಾವ ಕಡೆ ಬಾಗಿದೆಯೋ ಆ ಕಡೆಯಿಂದ, ಗೊನೆಗೆ ತಾಗದ ಹಾಗೆ, ಗೊನೆ ಹೊರಟಿರೋ ಕತ್ತಿನ ಸ್ವಲ್ಪ ಕೆಳಗೆ ದಿಂಡಿಗೆ. ಎರಡು ಬಿದಿರು ಗಳ ತಗೊಂಡು ಮೇಲ್ತುದಿಯಿಂದ ಒಂದಡಿ ಕೆಳಗೆ ಕತ್ತರಿ ಥರ ಕಟ್ಟಿ, ಆ ಕತ್ತರಿ ಬಾಯಲ್ಲಿ ದಿಂಡು ಕೂರಬೇಕು, ಕೆಳಗೆ ಕಾಲು ಅಗಲಿಸಿ ನೆಲಕ್ಕೆ ಊರಬೇಕು. ತುದೀಲಿ ಕವೆ ಇರೋ ಒಂದೇ ಕೋಲು ಸಿಕ್ಕಿದ್ರೂ ನಡೆಯತ್ತೆ. ದಿಂಡು ತಾಗೋ ಕಡೆ ಗೋಣಿಚೀಲ ಮಡಿಸಿ ಇಡಿ, ಇಲ್ಲಾಂದ್ರೆ ಬಿದಿರು ಅದನ್ನ ಕುಯ್ದುಬಿಡತ್ತೆ. ಜಾಗ ಇಲ್ಲ ಅಂದ್ರೆ ವಾಲಿರೋದರ ಎದುರು ದಿಕ್ಕಿಂದ ಹಗ್ಗ ಹಾಕಿ ಮರಕ್ಕೋ ಗೂಟಕ್ಕೋ ಎಳೆದು ಕಟ್ಟೋದು.

ಏಲಕ್ಕಿ ಬಾಳೆ ಗೊನೆ ಹತ್ತು ಹನ್ನೆರಡು ಕೆಜಿ ಬಂದ್ರೂ ಗಿಡ ಎತ್ತರ, ಜಿ9 ಅನ್ನೋ ಬಾಳೆ ಜಾತಿ ಗಿಡ್ಡ ಆದ್ರೂ ಗೊನೆ ಇಪ್ಪತ್ತು ಮೂವತ್ತು ಕೆಜಿ, ಎರಡಕ್ಕೂ ಕೊಡಿ. ಕೊನೆ ಚಿಪ್ಪು ಬಿಟ್ಟಾದ ಮೇಲೆ ಕೆಳಗೆ ನೇತಾಡೋ ಮೂತಿ ಕತ್ತರಿಸಿ ಪಲ್ಯ ಮಾಡಿ, ಸ್ವಲ್ಪ ಭಾರ ಇಳಿಯತ್ತೆ. ಆಸರೆ ಕೊಟ್ಟೂ ಬುಡ ಸಮೇತ ಮಗುಚಿತು ಅಂದ್ರೆ ಗಡ್ಡೆ ಅಡ್ಡ ಸೀಳಿ ನೋಡಿ, ಒಳಗೆ ಕಪ್ಪು ಸುರಂಗ ಕಂಡ್ರೆ ಗಡ್ಡೆ ಕೊರೆಯೋ ಹುಳ, ಆ ಬುಡದ ಕಂದು ಮತ್ತೆ ನೆಡಬೇಡಿ.

ಪಪ್ಪಾಯಿ? ನುಗ್ಗೆ?

ಪಪ್ಪಾಯಿ ಬೀಳೋದು ಹೆಚ್ಚಾಗಿ ಬುಡದಲ್ಲಿ ನೀರು ನಿಂತು ಕೊಳೆತಿರೋದಕ್ಕೆ. ಬುಡಕ್ಕೆ ಮಣ್ಣು ಏರಿಸಿ ದಿಬ್ಬ ಮಾಡಿ, ನೀರು ಒಂದಡಿ ದೂರಕ್ಕೆ ಹಾಕಿ. ಕಾಯಿ ಒತ್ತೊತ್ತಾಗಿ ಇದ್ರೆ ಎಳೇ ಕಾಯಿ ಕೆಲವನ್ನ ಕಿತ್ತು ಸಾಂಬಾರಿಗೆ ಹಾಕಿ. ತಲೆ ಕತ್ತರಿಸಿ ಗಿಡ್ಡ ಮಾಡೋರು ಕತ್ತರಿಸಿದ ಜಾಗಕ್ಕೆ ಒಂದು ಡಬ್ಬ ಬೋರಲು ಹಾಕಿ, ಟೊಳ್ಳು ಕಾಂಡ, ಮಳೆನೀರು ತುಂಬಿದ್ರೆ ಒಳಗಿಂದ ಕೊಳೀತದೆ. ನುಗ್ಗೆಗೆ ಕೋಲು ಕೊಡೋದು ದಂಡ, ಗಿಡ ಮೂರಡಿ ಆದಾಗಲೇ ತುದಿ ಕಡಿದು ಅಡ್ಡಕ್ಕೆ ಬೆಳೆಸಿ, ಕಾಯಿ ಮುಗಿದ ಮೇಲೆ ಪ್ರತಿ ವರ್ಷ ಸವರಿ.

ಗಿಡ ಸರಿ ಇದೆ, ಪಾಟೇ ಉರುಳತ್ತೆ. ಬ್ರಹ್ಮಕಮಲ, ಜೇಡ್, ರಬ್ಬರ್ ಪ್ಲಾಂಟ್ ಎಲ್ಲಾ ಹಾಗೇ.

ಬ್ರಹ್ಮಕಮಲ ಅಂತ ನಾವು ಮನೇಲಿ ಬೆಳೆಸೋದು ಹಿಮಾಲಯದ್ದಲ್ಲ, ಅಮೆರಿಕ ಖಂಡದ ಕಾಡಲ್ಲಿ ಮರದ ಮೇಲೆ ಬೆಳೆಯೋ ಒಂದು ಕಳ್ಳಿ ಜಾತಿ. ಮರದ ಆಸರೆ ಇದ್ದು ಅಭ್ಯಾಸ ಇರೋ ಗಿಡ, ಎಲೆ ಥರ ಕಾಣೋ ಕಾಂಡನ ಎಲ್ಲಾ ಕಡೆ ಚಾಚತ್ತೆ, ಒಂದೇ ಕಡೆ ಬೆಳಕಿದ್ರೆ ಆ ಕಡೆಗೇ ವಾಲಿ ಪಾಟ್ ಬೀಳಿಸತ್ತೆ. ವಾರಕ್ಕೊಮ್ಮೆ ಪಾಟ್ ತಿರುಗಿಸಿ, ಇಲ್ಲಾ ಕಿಟಕಿ ಗ್ರಿಲ್ಲಿಗೆ ಒರಗಿಸಿ ಅಲ್ಲಲ್ಲಿ ಕಟ್ಟಿ.

ಪಾಟ್ ತಳದಲ್ಲಿ ಕಲ್ಲು ತುಂಬಿಸೋದು ಎಲ್ಲರೂ ಹೇಳೋ ಸಲಹೆ, ನನಗೆ ಇಷ್ಟ ಇಲ್ಲ. ಮಣ್ಣಿನ ಜಾಗ ಕಮ್ಮಿ ಆಗತ್ತೆ, ನೀರು ನಿಲ್ಲೋ ಒದ್ದೆ ಪದರ ಬೇರಿಗೆ ಇನ್ನೂ ಹತ್ತಿರ ಬರತ್ತೆ. ಅದರ ಬದಲು ಗಿಡದ ಪ್ಲಾಸ್ಟಿಕ್ ಪಾಟನ್ನ ತೂತಿರೋ ಇನ್ನೊಂದು ದೊಡ್ಡ ಸಿಮೆಂಟ್ ಪಾಟೊಳಗೆ ಇಟ್ಟು ಸುತ್ತ ಜಲ್ಲಿ ತುಂಬಿಸಿ. ತೂಕ ಹೊರಗೆ, ಮಣ್ಣು ಒಳಗೆ. ಎತ್ತರದ ಸಪೂರ ಪಾಟಿಗಿಂತ ಅಗಲ ಬುಡದ ಪಾಟ್ ತಗೊಳ್ಳಿ. ಜೇಡ್ ಗಿಡ ವಾಲಿದ್ರೆ ಭಾರದ ಕೊಂಬೆ ಕತ್ತರಿಸಿ, ಆ ಕೊಂಬೆ ನಾಲ್ಕು ದಿನ ಒಣಗಿಸಿ ಇನ್ನೊಂದು ಪಾಟಲ್ಲಿ ನೆಟ್ರೆ ಅದೂ ಬರತ್ತೆ.

ಮನಿಪ್ಲಾಂಟ್‌ಗೆ ಮಾಸ್ ಪೋಲ್ ಹಾಕಿದೀನಿ, ಬೇರು ಹಿಡ್ಕೊಳ್ತಾನೇ ಇಲ್ಲ.

ಪೋಲ್ ಒಣಗಿದೆ. ತೆಂಗಿನ ನಾರಿನ ಕೋಲು ಒದ್ದೆ ಇದ್ರೆ ಮಾತ್ರ ಬೇರು ಒಳಗೆ ಹೋಗೋದು, ನೀರು ಹಾಕುವಾಗ ಮಣ್ಣಿಗಿಂತ ಮೊದಲು ಕೋಲಿಗೆ ಹಾಕಿ. ಗೆಣ್ಣಿನ ಭಾಗ ಕೋಲಿಗೆ ಒತ್ತಿ ನಿಲ್ಲೋ ಹಾಗೆ ಕಟ್ಟಿ, ಎಲೆ ತೊಟ್ಟಿಗೆ ಕಟ್ಟಬೇಡಿ.

ಕೊಂಬೆ ಮುರಿದೇ ಹೋಯ್ತು. ಜೋಡಿಸೋಕಾಗತ್ತಾ?

ಪೂರ್ತಿ ತುಂಡಾಗದೆ ಸಿಪ್ಪೆ ಹಿಡ್ಕೊಂಡಿದ್ರೆ ಟ್ರೈ ಮಾಡಿ. ಟೊಮೇಟೊ ಇದರಲ್ಲಿ ಭಾರೀ ಗಟ್ಟಿ ಜೀವ. ಎರಡೂ ಕಡೆ ಕೂಡಿಸಿ, ಐಸ್‌ಕ್ರೀಮ್ ಕಡ್ಡಿ ಪಕ್ಕಕ್ಕಿಟ್ಟು ಟೇಪ್ ಸುತ್ತಿ, ಕೈ ಮುರಿದಾಗ ಪಟ್ಟು ಹಾಕಿದಂಗೆ, ಆ ಕೊಂಬೆಯ ಕಾಯಿ ಕಿತ್ತು ಹಗುರ ಮಾಡಿ ನೆರಳಲ್ಲಿಡಿ. ಎರಡು ವಾರದಲ್ಲಿ ಅಲ್ಲಿ ಗಂಟು ಕಟ್ಟಿರತ್ತೆ. ತುಂಡಾಗಿದ್ರೆ ನೀರಲ್ಲಿಡಿ, ಹತ್ತು ದಿನದೊಳಗೆ ಬೇರು ಬಿಡತ್ತೆ, ಹೊಸ ಗಿಡ. ಡೇರೆ ಟೊಳ್ಳು ಕಾಂಡ ಕೂಡಲ್ಲ, ಹೂವು ದೇವರಿಗಿಡಿ, ಗೆಣ್ಣಿನ ಮೇಲೆ ಕತ್ತರಿಸಿ.

ರಾತ್ರಿ ಮಳೆಗೆ ಬೇರು ಸಮೇತ ಮಲಗಿದೆ.

ಮಣ್ಣು ಒದ್ದೆ ಇರುವಾಗಲೇ ಅವತ್ತೇ ಎತ್ತಿ. ಕಾಂಡ ಹಿಡಿದು ಎಳೀಬೇಡಿ, ಬುಡದ ಕೆಳಗೆ ಕೈ ಹಾಕಿ ಮಣ್ಣಿನ ಹೆಂಟೆ ಸಮೇತ ನಿಲ್ಲಿಸಿ, ಹೊಸ ಮಣ್ಣು ಸುರಿದು ಅಂಗೈಲಿ ಒತ್ತಿ. ಮೇಲಿನ ಎಲೆ ಕೊಂಬೆ ಮೂರರಲ್ಲಿ ಒಂದು ಭಾಗ ತೆಗೀರಿ, ಯಾಕಂದ್ರೆ ಕೆಳಗೆ ಅಷ್ಟು ಬೇರು ಹರಿದಿರತ್ತೆ. ಪೂರ್ತಿ ನೆಟ್ಟಗಾಗಲಿಲ್ಲ ಅಂದ್ರೆ ಬಿಡಿ, ತುದಿ ತಾನಾಗೇ ಮೇಲಕ್ಕೆ ತಿರುಗತ್ತೆ. ಒಂದು ವಾರ ಗೊಬ್ಬರ ಹಾಕೋಕೆ ಹೋಗಬೇಡಿ.

ಒಂದು ಸಲ ಕಟ್ಟಿದ ಕೋಲು ಹಾಗೇ ಬಿಡಬಹುದಾ?

ತರಕಾರಿ, ಹೂವಿನ ಗಿಡಕ್ಕೆ ಕೊನೆವರೆಗೂ ಇರಲಿ. ಮರ ಆಗೋ ಗಿಡಗಳಿಗೆ, ಮಾವು ಸೀಬೆ ರಬ್ಬರ್ ಪ್ಲಾಂಟ್ ಏನೇ ಇರಲಿ, ಒಂದು ವರ್ಷದೊಳಗೆ ಬಿಚ್ಚಿ. ಗಾಳಿಗೆ ಅಲುಗಾಡಿದ ಗಿಡದ ಕಾಂಡ ಗಿಡ್ಡ ದಪ್ಪ ಆಗತ್ತೆ, ಅಲುಗಾಡೋಕೆ ಬಿಡದೇ ಇದ್ರೆ ಉದ್ದ ಸಪೂರ ಆಗತ್ತೆ. ಬಿಗಿಯಾಗಿ ಕಟ್ಟಿಹಾಕಿದ ಗಿಡ ಬಿಚ್ಚಿದ ದಿನವೇ ಬಾಗೋದು ಇದಕ್ಕೇ. ಪ್ರತಿ ಹದಿನೈದು ದಿನಕ್ಕೆ ಗಂಟು ಸಡಿಲ ಇದೆಯಾ ಅಂತ ಬೆರಳು ಹಾಕಿ ನೋಡ್ತಾ ಇರಿ.

ಹಳೇ ಕೋಲು ಮುಂದಿನ ವರ್ಷ ಬಳಸಬಹುದಾ?

ಬಳಸಿ. ತೊಳೆದು ಎರಡು ದಿನ ಕಡು ಬಿಸಿಲಲ್ಲಿ ಒಣಗಿಸಿ. ಸೊರಗು ರೋಗ ಬಂದು ಸತ್ತ ಟೊಮೇಟೊ ಬದನೆ ಪಕ್ಕದ ಕೋಲಾದ್ರೆ ಮತ್ತೆ ಆ ಕುಲದ ಗಿಡಕ್ಕೆ ಬೇಡ, ಬಳ್ಳಿಗೆ ಹಾಕಿ. ದಾರ ಮಾತ್ರ ಹೊಸದೇ ಇರಲಿ.

ಮಕ್ಕಳು ಟೆರೇಸಲ್ಲಿ ಆಡ್ತಾರೆ, ಕೋಲಿನ ತುದಿ ನೋಡಿದ್ರೆ ಭಯ ಆಗತ್ತೆ.

ಆಗಲೇಬೇಕು. ಸೊಂಟದಿಂದ ಎದೆ ಎತ್ತರದ ಸಣ್ಣ ಕೋಲುಗಳು ದೊಡ್ಡವರಿಗೂ ಡೇಂಜರ್ರೇ, ಕಳೆ ಕೀಳೋಕೆ ಬಗ್ಗಿದಾಗ ಸೀದಾ ಕಣ್ಣಿಗೆ ಬರ್ತವೆ. ಜೊತೆಗೆ ಬಿದಿರು, ಪೈಪಿನ ತೂತಲ್ಲಿ ಮಳೆನೀರು ನಿಂತು ಡೆಂಗಿ ಸೊಳ್ಳೆ ಮೊಟ್ಟೆ ಇಡತ್ತೆ, ಇದು ಯಾರಿಗೂ ಹೊಳೆಯೋದೇ ಇಲ್ಲ. ಬಿದಿರನ್ನ ಗೆಣ್ಣಿನ ಸ್ವಲ್ಪ ಮೇಲಕ್ಕೆ ಸರಿಯಾಗಿ ಕುಯ್ದರೆ ತೂತೇ ಇರಲ್ಲ. ಇಲ್ಲಾಂದ್ರೆ ಹಳೇ ಟೆನಿಸ್ ಬಾಲ್, ಶಾಂಪೂ ಬಾಟಲಿ ಮುಚ್ಚಳ, ಏನಾದ್ರೂ ಒಂದು ತುದಿಗೆ ಸಿಗಿಸಿ. ನಾನು ತೆಂಗಿನ ಚಿಪ್ಪು ಬೋರಲು ಹಾಕಿದ್ದೆ, ಹೋದ ತಿಂಗಳು ಅಮ್ಮ ಬಂದಿದ್ದಾಗ ಅದಕ್ಕೆಲ್ಲ ಸುಣ್ಣದ ಬೊಟ್ಟು ಇಟ್ಟು ಹೋಗಿದಾರೆ, ದೃಷ್ಟಿಗೂ ಆಯ್ತು ಅಂತ.